ಸಿ ಭಾಷೆಯೋ, ಮೆಮೊರಿ ಸುರಕ್ಷಿತ ಭಾಷೆಯೋ: ಸಿಸ್ಟಮ್ ಸಾಫ್ಟ್‌ವೇರ್ ಬರೆಯುವವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಬೆಳಗಾವಿಯ ಉದ್ಯಮಬಾಗದಲ್ಲಿ ಪಂಪ್‌ಸೆಟ್ ಮತ್ತು ಹೈಡ್ರಾಲಿಕ್ ಯಂತ್ರಗಳ ನಿಯಂತ್ರಕಗಳಿಗೆ ಫರ್ಮ್‌ವೇರ್ (ಯಂತ್ರದ ಚಿಪ್ಪಿನೊಳಗೇ ಕೂತು ಅದನ್ನು ನಡೆಸುವ ತಂತ್ರಾಂಶ) ಬರೆಯುವ ಕೆಲಸ ಮಾಡುತ್ತೇನೆ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕಾಲೇಜುಗಳಲ್ಲಿ ಓದುತ್ತ ಬಾಗಲಕೋಟೆ, ವಿಜಯಪುರಗಳಿಂದ ಪ್ರಾಜೆಕ್ಟ್‌ಗಾಗಿ ಬರುವ ವಿದ್ಯಾರ್ಥಿಗಳೂ, ಅಕ್ಕಪಕ್ಕದ ಶೆಡ್‌ಗಳ ಸಣ್ಣ ಉದ್ಯಮಿಗಳೂ ಹೊಸ ಕೆಲಸವನ್ನು ಯಾವ ಭಾಷೆಯಲ್ಲಿ ಆರಂಭಿಸಬೇಕೆಂದು ಮತ್ತೆ ಮತ್ತೆ ಕೇಳುವುದರಿಂದ, ಅವರಿಗೆ ಬಾಯಿಮಾತಿನಲ್ಲಿ ಕೊಟ್ಟ ಉತ್ತರಗಳನ್ನು ಇಲ್ಲಿ ಬರೆದಿಟ್ಟಿದ್ದೇನೆ.

ಮೆಮೊರಿ ಸುರಕ್ಷತೆ ಎಂದರೆ ನಿಖರವಾಗಿ ಏನು?

ಪ್ರೋಗ್ರಾಮು ತನ್ನದಲ್ಲದ ಮೆಮೊರಿಯನ್ನು ಓದಬಾರದು, ಅಲ್ಲಿ ಬರೆಯಲೂ ಬಾರದು. ಈ ಖಾತರಿಯನ್ನು ಭಾಷೆಯೇ ಕೊಟ್ಟರೆ ಅದು ಮೆಮೊರಿ ಸುರಕ್ಷಿತ ಭಾಷೆ. ಸಿ ಮತ್ತು ಸಿ++ ಭಾಷೆಗಳಲ್ಲಿ ಈ ಹೊಣೆ ಬರೆಯುವವರ ಮೇಲೆಯೇ ಇರುತ್ತದೆ.

ತಪ್ಪುಗಳು ಮುಖ್ಯವಾಗಿ ಎರಡು ಬಗೆಯವು. ಮೊದಲನೆಯದು ಮೇರೆ ದಾಟುವುದು: ಹತ್ತು ಮನೆಗಳ ಅರೇಯಲ್ಲಿ (ಒಂದರ ಪಕ್ಕ ಒಂದಿಟ್ಟ ಮೌಲ್ಯಗಳ ಸಾಲಿನಲ್ಲಿ) ಹನ್ನೊಂದನೆಯದಕ್ಕೆ ಕೈ ಹಾಕುವುದು, ಅಂದರೆ ಬಾಂದು ಕಲ್ಲು ದಾಟಿ ಪಕ್ಕದವರ ಹೊಲದಲ್ಲಿ ಗಳೆ ಹೊಡೆದ ಹಾಗೆ. ಎರಡನೆಯದು ಕಾಲ ಮೀರುವುದು: ಒಮ್ಮೆ ಬಿಟ್ಟುಕೊಟ್ಟ ಮೆಮೊರಿಯ ವಿಳಾಸವನ್ನು ಇಟ್ಟುಕೊಂಡು ಮತ್ತೆ ಅದನ್ನೇ ಬಳಸುವುದು. ಮಾರಿಹೋದ ಹೊಲದ ಹಳೆಯ ಉತಾರವನ್ನು (ಪಹಣಿಯನ್ನು) ಹಿಡಿದುಕೊಂಡು ಬಂದು ಬಿತ್ತಿದರೆ ಹೊಸ ಮಾಲೀಕರ ಬೆಳೆಗೆ ಏನಾಗುತ್ತದೆಯೋ, ಆ ಮೆಮೊರಿಯನ್ನು ಈಗ ಬಳಸುತ್ತಿರುವ ಕೋಡಿಗೂ ಅದೇ ಆಗುತ್ತದೆ. ಸಿ ಭಾಷೆಯ ಮಾನಕವು ಇಂಥ ಸಂದರ್ಭದಲ್ಲಿ ಏನಾಗಬೇಕೆಂದು ಹೇಳುವುದೇ ಇಲ್ಲ. ಪ್ರೋಗ್ರಾಮು ಆ ಕ್ಷಣವೇ ನಿಲ್ಲಬಹುದು, ತಪ್ಪು ಉತ್ತರ ಕೊಡಬಹುದು, ಇಲ್ಲವೇ ತಿಂಗಳುಗಟ್ಟಲೆ ಸರಿಯಾಗಿ ನಡೆದು ಹೊಸ ಕಂಪೈಲರ್ (ಬರೆದ ಕೋಡನ್ನು ಯಂತ್ರದ ಭಾಷೆಗೆ ತಿರುಗಿಸುವ ತಂತ್ರಾಂಶ) ಹಾಕಿದ ದಿನ ಕೆಡಬಹುದು. ಮೂರನೆಯ ಸಾಧ್ಯತೆಗೆ ನಾನು ಹೆಚ್ಚು ಹೆದರುತ್ತೇನೆ.

ಸಿ ಭಾಷೆ ಅರ್ಧ ಶತಮಾನದಿಂದ ನಡೆದುಬಂದಿದೆ. ಈಗ ಏಕೆ ಈ ಪ್ರಶ್ನೆ?

ಬೆಲ್ ಲ್ಯಾಬ್ಸ್‌ನಲ್ಲಿ ಡೆನ್ನಿಸ್ ರಿಚಿ 1972ರ ಸುಮಾರಿಗೆ ಸಿ ಭಾಷೆಯನ್ನು ರೂಪಿಸಿದಾಗ ಮೆಮೊರಿಯನ್ನು ಕಿಲೋಬೈಟುಗಳಲ್ಲಿ ಎಣಿಸುತ್ತಿದ್ದರು, ಪ್ರತಿ ಸಲ ಮೇರೆ ಪರೀಕ್ಷಿಸುವುದು ದುಬಾರಿಯಾಗಿತ್ತು, ಒಂದು ಯಂತ್ರವನ್ನು ಬಳಸುವವರು ಹೆಚ್ಚಾಗಿ ಒಂದೇ ಸಂಸ್ಥೆಯವರಾಗಿರುತ್ತಿದ್ದರು. 1973ರಲ್ಲಿ ಯೂನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ಮಿನ ತಿರುಳಾದ ಕರ್ನಲ್ಲನ್ನು ಅದೇ ಭಾಷೆಯಲ್ಲಿ ಮತ್ತೆ ಬರೆಯಲಾಯಿತು. ಆ ಕಾಲಕ್ಕೆ ಆ ಆಯ್ಕೆ ಸರಿಯಾಗಿಯೇ ಇತ್ತು, ಅದನ್ನು ಹಳಿಯುವುದರಲ್ಲಿ ಅರ್ಥವಿಲ್ಲ.

ಕಂಪ್ಯೂಟರುಗಳು ಜಾಲಕ್ಕೆ ಸೇರಿದ ಮೇಲೆ ಲೆಕ್ಕ ಬದಲಾಯಿತು. 1988ರ ನವೆಂಬರ್ 2ರಂದು ಹರಡಿದ ಮಾರಿಸ್ ವರ್ಮ್ ಎಂಬ, ಜಾಲದಲ್ಲಿ ತಾನಾಗಿಯೇ ಹಬ್ಬುವ ಪ್ರೋಗ್ರಾಮು ಬಳಸಿಕೊಂಡ ದಾರಿಗಳಲ್ಲಿ ಒಂದು, ಬರುವ ಸಾಲು ಎಷ್ಟು ಉದ್ದವಿದೆಯೆಂದು ನೋಡದೆ 512 ಬೈಟಿನ ಜಾಗಕ್ಕೆ ತುಂಬುತ್ತಿದ್ದ ‘ಗೆಟ್ಸ್’ ಎಂಬ ಫಂಕ್ಷನ್. ಆ ಫಂಕ್ಷನ್ನನ್ನು ಸಿ ಮಾನಕದಿಂದ ತೆಗೆದುಹಾಕಿದ್ದು 2011ರಲ್ಲಿ, ಅಂದರೆ 23 ವರ್ಷಗಳ ನಂತರ. 2014ರ ಏಪ್ರಿಲ್‌ನಲ್ಲಿ ಬಹಿರಂಗವಾದ ಹಾರ್ಟ್‌ಬ್ಲೀಡ್ ದೋಷದಲ್ಲಿ ಜಾಲದ ಸಂಪರ್ಕಗಳನ್ನು ಗೂಢಲಿಪಿಯಿಂದ ಕಾಯುವ ಓಪನ್‌ಎಸ್‌ಎಸ್‌ಎಲ್ ಲೈಬ್ರರಿಯು ಎದುರಿನವರು ಹೇಳಿದ ಉದ್ದವನ್ನೇ ನಂಬಿ, ಒಂದೊಂದು ಕೋರಿಕೆಗೆ 64 ಕಿಲೋಬೈಟಿನವರೆಗೆ ತನ್ನ ಮೆಮೊರಿಯನ್ನು ಓದಿ ಕೊಟ್ಟುಬಿಡುತ್ತಿತ್ತು. ಅದರಲ್ಲಿ ಪಾಸ್‌ವರ್ಡು, ಖಾಸಗಿ ಕೀಲಿ ಏನು ಬೇಕಾದರೂ ಇರಬಹುದಾಗಿತ್ತು.

ತಾನು ಪ್ರತಿ ವರ್ಷ ಸರಿಪಡಿಸುವ ಭದ್ರತಾ ದೋಷಗಳಲ್ಲಿ ಸುಮಾರು 70% ಮೆಮೊರಿಗೆ ಸಂಬಂಧಿಸಿದವು ಎಂದು ಮೈಕ್ರೋಸಾಫ್ಟ್ 2019ರಲ್ಲಿ ಹೇಳಿತು. ಗೂಗಲ್ ಕ್ರೋಮ್‌ಗೆ ಆಧಾರವಾದ ಕ್ರೋಮಿಯಂ ಬ್ರೌಸರಿನ ಗಂಭೀರ ದೋಷಗಳ ಬಗ್ಗೆ 2020ರಲ್ಲಿ ಬಂದ ಲೆಕ್ಕವೂ ಸುಮಾರು 70%. ಎರಡೂ ಕಡೆ ನುರಿತ ಎಂಜಿನಿಯರುಗಳಿದ್ದರು, ಒಳ್ಳೆಯ ಪರೀಕ್ಷಾ ವ್ಯವಸ್ಥೆಯಿತ್ತು. ಆದರೂ ಅಂಕಿ ಇಷ್ಟಿದೆ.

ಎಚ್ಚರದಿಂದ ಸಿ ಬರೆದರೆ ಸಾಲದೇ?

ಸಾಲದು. ಇದನ್ನು ನಾನು ಕಲಿತದ್ದು ನನ್ನದೇ ಕೋಡಿನಿಂದ, ಆದ್ದರಿಂದ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಕೆಲವು ವರ್ಷಗಳ ಹಿಂದೆ ಬೋರ್‌ವೆಲ್ ಪಂಪ್‌ಸೆಟ್‌ಗಳ ಮೊಬೈಲ್ ಸ್ಟಾರ್ಟರ್ ಒಂದಕ್ಕೆ ಫರ್ಮ್‌ವೇರ್ ಬರೆದಿದ್ದೆ. ನಮ್ಮ ಭಾಗದಲ್ಲಿ ಥ್ರೀ ಫೇಸ್ ಕರೆಂಟ್ ರಾತ್ರಿ ಬರುವುದೂ ಉಂಟಾದ್ದರಿಂದ, ರೈತರು ಕತ್ತಲಲ್ಲಿ ಹೊಲಕ್ಕೆ ಹೋಗುವ ಬದಲು ಮನೆಯಿಂದಲೇ ಎಸ್‌ಎಂಎಸ್ ಕಳಿಸಿ ಮೋಟಾರ್ ಚಾಲೂ ಮಾಡುತ್ತಾರೆ. ಯಾವ ನಂಬರಿನ ಆದೇಶವನ್ನು ಪಾಲಿಸಬೇಕೆಂದು ಮೊದಲು ಎಸ್‌ಎಂಎಸ್ ಮೂಲಕವೇ ನೋಂದಾಯಿಸಬೇಕು. ಆ ನಂಬರಿಗೆ ನಾನು 11 ಬೈಟುಗಳ ಜಾಗ ಇಟ್ಟಿದ್ದೆ: ಹತ್ತು ಅಂಕಿ, ಕೊನೆಗೆ ಒಂದು ಸೊನ್ನೆ ಬೈಟು. ಅದೇ ಸ್ಟ್ರಕ್ಚರಿನಲ್ಲಿ (ಹಲವು ಮೌಲ್ಯಗಳನ್ನು ಒಟ್ಟಿಗೆ ಜೋಡಿಸಿಟ್ಟ ಕಟ್ಟಿನಲ್ಲಿ) ಅದಕ್ಕೆ ಅಂಟಿಕೊಂಡಿದ್ದ ಬೈಟು ಡ್ರೈ ರನ್ ರಕ್ಷಣೆಯ ಗುರುತು. ಅದರಲ್ಲಿ 1 ಇದ್ದರೆ, ಬೋರಿನಲ್ಲಿ ನೀರು ಇಳಿದಾಗ ಮೋಟಾರ್ ತಾನಾಗಿಯೇ ನಿಲ್ಲಬೇಕು. ಅದರಾಚೆಯ ಎರಡು ಬೈಟುಗಳಲ್ಲಿ, ನಿಲ್ಲಿಸುವ ಮುನ್ನ ಎಷ್ಟು ಸೆಕೆಂಡು ಕಾಯಬೇಕೆಂಬ ಸಂಖ್ಯೆಯಿತ್ತು.

ಟೇಬಲ್ ಮೇಲೆ ಪರೀಕ್ಷಿಸಿದ ನಾವೆಲ್ಲರೂ ಹತ್ತು ಅಂಕಿಗಳನ್ನೇ ಟೈಪ್ ಮಾಡಿದ್ದೆವು. ಮುಧೋಳದ ಕಡೆಯ ರೈತರೊಬ್ಬರ ಮಗ ತನ್ನ ಮೊಬೈಲಿನ ಕಾಂಟ್ಯಾಕ್ಟ್‌ನಿಂದ ನಂಬರನ್ನು ಕಾಪಿ ಮಾಡಿ ಕಳಿಸಿದ; ಅದರ ಮುಂದೆ +91 ಇತ್ತು. ಹದಿಮೂರು ಅಕ್ಷರ, ಸೊನ್ನೆ ಬೈಟು ಸೇರಿ ಹದಿನಾಲ್ಕು. ಸ್ಟ್ರಿಂಗ್ ನಕಲಿಸುವ ಫಂಕ್ಷನ್ ಹದಿನಾಲ್ಕನ್ನೂ ಬರೆಯಿತು. ಅವರ ನಂಬರಿನ ಒಂಬತ್ತನೆಯ ಅಂಕಿ 7, ಅದರ ಆಸ್ಕಿ ಸಂಕೇತ (ಮೆಮೊರಿಯಲ್ಲಿ ಆ ಅಕ್ಷರವನ್ನು ಗುರುತಿಸುವ ಸಂಖ್ಯೆ) 55. 1 ಇರಬೇಕಾಗಿದ್ದ ಗುರುತಿನ ಬೈಟಿನಲ್ಲಿ ಈಗ 55 ಕುಳಿತಿತ್ತು. ‘1 ಇದೆಯೇ’ ಎಂದು ಕೇಳುವಂತೆ ನಾನು ಬರೆದಿದ್ದರಿಂದ ಉತ್ತರ ‘ಇಲ್ಲ’ ಎಂದಾಗಿ, ರಕ್ಷಣೆ ಬಂದ್ ಆಯಿತು. ಉಳಿದದ್ದೆಲ್ಲ ಸರಿಯಾಗಿಯೇ ನಡೆಯಿತು: ಮೆಮೊರಿಯಲ್ಲಿ ನಂಬರು ಪೂರ್ತಿಯಾಗಿಯೇ ಇದ್ದುದರಿಂದ ಹೋಲಿಕೆಯೂ ಸರಿ, ಉತ್ತರದ ಎಸ್‌ಎಂಎಸ್ಸೂ ಸರಿ, ಮೋಟಾರ್ ಚಾಲೂ ಆಗುವುದೂ ಸರಿ. ಏಪ್ರಿಲ್‌ನಲ್ಲಿ ಬೋರಿನ ನೀರು ಇಳಿದ ರಾತ್ರಿ ಮೋಟಾರ್ ನೀರಿಲ್ಲದೆ ಓಡಿ ವೈಂಡಿಂಗ್ ಸುಟ್ಟಿತು. ಅದನ್ನು ಬೋರಿನಿಂದ ಎತ್ತಿಸಿ, ರೀವೈಂಡಿಂಗ್ ಮಾಡಿಸಿ, ಮತ್ತೆ ಇಳಿಸುವ ಹೊತ್ತಿಗೆ ಆ ಮನೆಯವರ ಕಬ್ಬು ಬಾಡಿತ್ತು.

ಆ ಕೋಡನ್ನು ನನ್ನ ಹೊರತಾಗಿ ಇನ್ನಿಬ್ಬರು ಓದಿ ಒಪ್ಪಿದ್ದರು. ಹತ್ತು ಅಂಕಿಯ ನಂಬರಿಗೆ 11 ಬೈಟು ಎಂಬುದು ಯಾರ ಕಣ್ಣಿಗೂ ಸರಿಯಾಗಿಯೇ ಕಾಣುತ್ತದೆ. ಇದೇ ಕೆಲಸವನ್ನು ಮೆಮೊರಿ ಸುರಕ್ಷಿತವಾದ ರಸ್ಟ್ ಭಾಷೆಯಲ್ಲಿ ಬರೆದಿದ್ದರೆ, ಹಿಡಿಯದ ಜಾಗಕ್ಕೆ ಹದಿಮೂರು ಬೈಟು ನಕಲಿಸುವ ಸಾಲಿನಲ್ಲೇ ಪ್ರೋಗ್ರಾಮು ನಿಲ್ಲುತ್ತಿತ್ತು. ಹಾಗೆ ನಿಂತಾಗ ರಿಲೇ (ಮೋಟಾರಿಗೆ ಕರೆಂಟ್ ಕೊಡುವ ಸ್ವಿಚ್ಚು) ಬಿಟ್ಟುಕೊಳ್ಳುವಂತೆ ಮಾಡಿದ್ದರೆ ಮೋಟಾರೂ ನಿಲ್ಲುತ್ತಿತ್ತು, ನೋಂದಣಿಯ ದಿನವೇ ನನಗೆ ಫೋನ್ ಬರುತ್ತಿತ್ತು, ಆ ಮನೆಯವರಿಗೆ ನಷ್ಟವಾಗುತ್ತಿರಲಿಲ್ಲ. ತಪ್ಪು ಆಗದಂತೆ ಯಾವ ಭಾಷೆಯೂ ತಡೆಯಲಾರದು. ಆದ ತಪ್ಪು ಪಕ್ಕದ ಬೈಟಿಗೆ ಸದ್ದಿಲ್ಲದೆ ಹರಿಯದಂತೆ ತಡೆಯಬಲ್ಲದು, ಮತ್ತು ನನ್ನ ಮಟ್ಟಿಗೆ ಇಡೀ ಚರ್ಚೆಯ ತಿರುಳು ಅಷ್ಟೇ ಇದೆ.

ಸುರಕ್ಷಿತ ಭಾಷೆಗಳು ಬಹಳ ಇವೆ. ಜಾವಾ ಅಥವಾ ಗೋ ಬಳಸಿದರೆ ಆಗದೇ?

ಎಷ್ಟೋ ಕೆಲಸಗಳಿಗೆ ಆಗುತ್ತದೆ. ಸರ್ವರ್‌ನಲ್ಲಿ ಓಡುವ ಸೇವೆ, ದತ್ತಾಂಶ ಸಂಗ್ರಹಿಸುವ ಗೇಟ್‌ವೇ, ಕಾರ್ಖಾನೆಯ ಪಿಸಿಯ ಮೇಲಿನ ಉಸ್ತುವಾರಿ ತಂತ್ರಾಂಶ ಇವುಗಳಿಗೆಲ್ಲ ಗೋ ಭಾಷೆ ಸಾಕು, ಕಲಿಯುವುದೂ ಸುಲಭ. 2012ರಲ್ಲಿ ಅದರ ಮೊದಲ ಸ್ಥಿರ ಆವೃತ್ತಿ ಬಂದಿತು. ಈ ಭಾಷೆಗಳಲ್ಲಿ ಬಳಸಿ ಬಿಟ್ಟ ಮೆಮೊರಿಯನ್ನು ಗಾರ್ಬೇಜ್ ಕಲೆಕ್ಟರ್ ಹುಡುಕಿ ವಾಪಸ್ ಪಡೆಯುತ್ತದೆ. ಆ ಕೆಲಸಕ್ಕೆ ಹೆಚ್ಚುವರಿ ಮೆಮೊರಿ ಬೇಕು, ಅದು ಯಾವ ಕ್ಷಣದಲ್ಲಿ ನಡೆಯುತ್ತದೆಯೆಂದು ಮೊದಲೇ ಹೇಳಲಾಗದು. 64 ಕಿಲೋಬೈಟ್ ಮೆಮೊರಿಯ ಚಿಪ್ಪಿನಲ್ಲಿ, ಅಥವಾ ಒಂದು ಮಿಲಿಸೆಕೆಂಡಿನೊಳಗೆ ಹೈಡ್ರಾಲಿಕ್ ವಾಲ್ವ್ ಮುಚ್ಚಲೇಬೇಕಾದ ಪ್ರೆಸ್ಸಿನಲ್ಲಿ, ಅದು ಹೊಂದುವುದಿಲ್ಲ. ಕರ್ನಲ್, ಡ್ರೈವರ್, ಬೂಟ್‌ಲೋಡರುಗಳಿಗೂ ಇದೇ ಮಾತು.

1983ರಲ್ಲಿ ಮಾನಕವಾದ ಏಡಾ ಮತ್ತು ಅದರ ಸ್ಪಾರ್ಕ್ ಎಂಬ ರೂಪವನ್ನು ವಿಮಾನ, ರೈಲು ಕ್ಷೇತ್ರಗಳಲ್ಲಿ ಬಹಳ ಕಾಲದಿಂದ ಬಳಸುತ್ತಿದ್ದಾರೆ. ಅವು ಸಮರ್ಥ ಭಾಷೆಗಳೇ. ಆದರೆ ಅವನ್ನು ಬಲ್ಲವರನ್ನು ನಮ್ಮ ಊರಲ್ಲಿ ಹುಡುಕುವುದು ಕಷ್ಟ, ಸಣ್ಣ ಕಂಪನಿಗೆ ಅದು ಚಿಕ್ಕ ವಿಷಯವಲ್ಲ.

ಗಾರ್ಬೇಜ್ ಕಲೆಕ್ಟರ್ ಇಲ್ಲದೆ ರಸ್ಟ್ ಹೇಗೆ ಸುರಕ್ಷಿತವಾಗುತ್ತದೆ?

ಗ್ರೇಡನ್ ಹೋರ್ 2006ರಲ್ಲಿ ಸ್ವಂತ ಆಸಕ್ತಿಯಿಂದ ಆರಂಭಿಸಿ, ನಂತರ ಮೊಝಿಲ್ಲಾದ ಬೆಂಬಲದಿಂದ ಬೆಳೆದ ಈ ಭಾಷೆಯ 1.0 ಆವೃತ್ತಿ 2015ರ ಮೇ 15ರಂದು ಬಂದಿತು. ಮೆಮೊರಿಯ ಲೆಕ್ಕವನ್ನು ಪ್ರೋಗ್ರಾಮು ಓಡುವಾಗಿನ ಬದಲು ಕಂಪೈಲ್ ಆಗುವಾಗಲೇ ಮುಗಿಸುವುದು ಅದರ ವಿಶೇಷ.

ಮತ್ತೆ ಹೊಲದ ವ್ಯವಹಾರಕ್ಕೇ ಬರೋಣ. ಪ್ರತಿಯೊಂದು ಮೌಲ್ಯಕ್ಕೂ ಉತಾರದಲ್ಲಿ ಒಂದೇ ಹೆಸರು. ಹೊಲವನ್ನು ಬೇರೆಯವರಿಗೆ ಬರೆದುಕೊಟ್ಟ ಮೇಲೆ ಹಳೆಯ ಹೆಸರಿನಿಂದ ಅದನ್ನು ಮುಟ್ಟಿದರೆ ಕಂಪೈಲರ್ ಒಪ್ಪುವುದಿಲ್ಲ. ಒಡೆಯರು ಹೊಲವನ್ನು ಲಾವಣಿಗೆ (ಗೇಣಿಗೆ) ಕೊಡಬಹುದು, ಆದರೆ ಲಾವಣಿಯ ಅವಧಿ ಮುಗಿಯುವ ತನಕ ಅದನ್ನು ಮಾರುವಂತಿಲ್ಲ. ನೋಡುವುದಕ್ಕಷ್ಟೇ ಬಂದವರು ಎಷ್ಟು ಜನರಾದರೂ ಇರಬಹುದು. ಆದರೆ ಒಬ್ಬರು ಬಿತ್ತುತ್ತಿರುವಾಗ ಇನ್ನೊಬ್ಬರು ಬದು ದಾಟುವಂತಿಲ್ಲ. ಹಳೆಯ ಉತಾರದ ತೊಂದರೆಯೂ, ಎರಡು ಥ್ರೆಡ್‌ಗಳು (ಒಂದೇ ಪ್ರೋಗ್ರಾಮಿನಲ್ಲಿ ಏಕಕಾಲಕ್ಕೆ ನಡೆಯುವ ಕೆಲಸಗಳು) ಒಂದೇ ಜಾಗಕ್ಕೆ ಒಟ್ಟಿಗೆ ಬರೆಯುವ ತೊಂದರೆಯೂ ಈ ನಿಯಮಗಳಿಂದಲೇ ನಿಲ್ಲುತ್ತವೆ. ಅರೇಯ ಮೇರೆಯನ್ನು ಮಾತ್ರ, ಕಂಪೈಲರಿಗೆ ಮೊದಲೇ ಗೊತ್ತಾಗದ ಕಡೆಗಳಲ್ಲಿ, ಓಡುವಾಗ ಪರೀಕ್ಷಿಸಲಾಗುತ್ತದೆ.

ರಸ್ಟ್‌ನಲ್ಲೂ ‘ಅನ್‌ಸೇಫ್’ ಇದೆಯಲ್ಲ?

ಇದೆ, ಇರಲೇಬೇಕು. ಹಾರ್ಡ್‌ವೇರ್ ರಿಜಿಸ್ಟರಿನ ವಿಳಾಸಕ್ಕೆ ನೇರವಾಗಿ ಬರೆಯುವಾಗ, ಅಥವಾ ಸಿ ಲೈಬ್ರರಿಯನ್ನು ಕರೆಯುವಾಗ, ಅದು ಸರಿಯೋ ತಪ್ಪೋ ಎಂದು ಕಂಪೈಲರ್ ತಿಳಿಯುವ ದಾರಿಯಿಲ್ಲ. ಆ ಸಾಲುಗಳನ್ನು ಅನ್‌ಸೇಫ್ ಎಂಬ ಆವರಣದೊಳಗೆ ಬರೆದು ಹೊಣೆಯನ್ನು ನಾವೇ ಹೊರುತ್ತೇವೆ. ಆವರಣದೊಳಗೆ ಎಲ್ಲ ತಪಾಸಣೆಯೂ ನಿಲ್ಲುತ್ತದೆ ಎಂಬುದು ತಪ್ಪು ತಿಳಿವಳಿಕೆ; ಲಾವಣಿಯ ನಿಯಮಗಳು ಅಲ್ಲಿಯೂ ನಡೆಯುತ್ತವೆ, ಕಚ್ಚಾ ಪಾಯಿಂಟರ್ (ಮೆಮೊರಿಯ ಬರಿಯ ವಿಳಾಸ) ಮೂಲಕ ಓದಿ ಬರೆಯುವಂಥ ಕೆಲವೇ ಅಧಿಕಾರಗಳು ಹೆಚ್ಚಿಗೆ ಸಿಗುತ್ತವೆ. ನಮ್ಮ ಕೋಡು ಪರಿಶೀಲಿಸುವಾಗ ಮೊದಲು ಆ ಪದವನ್ನೇ ಹುಡುಕಿ ಆ ಸಾಲುಗಳನ್ನು ಮೂವರೂ ಕುಳಿತು ಓದುತ್ತೇವೆ. ಸಿ ಯಲ್ಲಿ ಹಾಗೆ ಹುಡುಕಲು ಪದವೇ ಇಲ್ಲ, ಎಲ್ಲ ಸಾಲುಗಳನ್ನೂ ಅದೇ ಅನುಮಾನದಿಂದ ಓದಬೇಕು.

ವೇಗ ಕಡಿಮೆಯಾಗುವುದಿಲ್ಲವೇ?

ಹೆಚ್ಚಿನ ಕಡೆ ಗಮನಕ್ಕೆ ಬರುವಷ್ಟು ಇಲ್ಲ. ಕ್ಲ್ಯಾಂಗ್ ಎಂಬ ಸಿ ಕಂಪೈಲರ್ ಬಳಸುವ ಎಲ್‌ಎಲ್‌ವಿಎಂ ಎಂಬ ಹಿಂಬದಿಯನ್ನೇ ರಸ್ಟ್ ಕೂಡ ಬಳಸುತ್ತದೆ, ಬೇಡವಾದ ಮೇರೆ ಪರೀಕ್ಷೆಗಳನ್ನು ಅದು ಎಷ್ಟೋ ಕಡೆ ತಾನೇ ತೆಗೆದುಹಾಕುತ್ತದೆ. ನಮ್ಮ ಸ್ಟಾರ್ಟರಿನಲ್ಲಿ ಸಮಯ ಹಿಡಿಯುವುದು ಜಿಎಸ್‌ಎಂ ಮಾಡ್ಯೂಲಿನ ಉತ್ತರಕ್ಕೆ ಕಾಯುವುದರಲ್ಲಿ. ಅಳೆದು ನೋಡದೆ ವೇಗದ ಕಾರಣಕ್ಕೆ ಸುರಕ್ಷತೆಯನ್ನು ಬಿಡಬೇಡಿ.

ನಮ್ಮಲ್ಲಿ ವರ್ಷಾನುಗಟ್ಟಲೆಯ ಸಿ ಕೋಡಿದೆ. ಎಲ್ಲವನ್ನೂ ಮತ್ತೆ ಬರೆಯಬೇಕೇ?

ಬೇಡ. ಪೂರ್ತಿಯಾಗಿ ಮತ್ತೆ ಬರೆಯಹೊರಟರೆ, ಕ್ಷೇತ್ರದಲ್ಲಿ ವರ್ಷಗಟ್ಟಲೆ ಪೆಟ್ಟು ತಿಂದು ಸರಿಯಾದ ಕೋಡನ್ನು ಎಸೆದು, ಅದೇ ಪೆಟ್ಟುಗಳನ್ನು ಮತ್ತೊಮ್ಮೆ ತಿನ್ನಬೇಕಾಗುತ್ತದೆ.

ಇಲ್ಲಿ ಆಂಡ್ರಾಯ್ಡ್‌ನ ಅನುಭವ ಬಹಳ ಉಪಯುಕ್ತ. ಅಲ್ಲಿ ಹಳೆಯ ಕೋಡನ್ನು ಹೆಚ್ಚಾಗಿ ಹಾಗೆಯೇ ಬಿಟ್ಟು, ಹೊಸದಾಗಿ ಬರೆಯುವುದನ್ನು ಸುರಕ್ಷಿತ ಭಾಷೆಗಳಿಗೆ ತಿರುಗಿಸಿದರು. ಒಟ್ಟು ಭದ್ರತಾ ದೋಷಗಳಲ್ಲಿ ಮೆಮೊರಿ ದೋಷಗಳ ಪಾಲು 2019ರಲ್ಲಿ 76% ಇದ್ದದ್ದು 2024ರಲ್ಲಿ 24%ಕ್ಕೆ ಇಳಿಯಿತು. ಹಳೆಯ ಕೋಡಿನ ದೋಷಗಳು ಕಾಲ ಕಳೆದಂತೆ ಒಂದೊಂದಾಗಿ ಸಿಕ್ಕು ಸರಿಯಾಗುತ್ತಿರುತ್ತವೆ, ಹೊಸ ದೋಷಗಳು ಹೆಚ್ಚಾಗಿ ಹೊಸ ಕೋಡಿನಲ್ಲೇ ಹುಟ್ಟುತ್ತವೆ. ಆದ್ದರಿಂದ ಹೊಸ ಕೋಡಿನ ದಾರಿ ಬದಲಿಸಿದರೆ ಒಟ್ಟು ಲೆಕ್ಕ ತಾನಾಗಿಯೇ ಇಳಿಯುತ್ತದೆ. ಲಿನಕ್ಸ್ ಕರ್ನಲ್ ಕೂಡ 2022ರ ಡಿಸೆಂಬರ್‌ನ 6.1 ಆವೃತ್ತಿಯಿಂದ ಇದೇ ಬಗೆಯಲ್ಲಿ, ಹಳೆಯ ಸಿ ಯನ್ನು ಉಳಿಸಿಕೊಂಡು, ರಸ್ಟ್‌ಗೆ ಬಾಗಿಲು ತೆರೆದಿದೆ.

ಹಳೆಯದರಲ್ಲಿ ಏನನ್ನಾದರೂ ಬದಲಿಸುವುದಿದ್ದರೆ, ಹೊರಗಿನವರು ಕಳಿಸಿದ ದತ್ತಾಂಶ ಮೊದಲು ಬಂದು ಬೀಳುವ ಭಾಗವನ್ನು ಆರಿಸಿಕೊಳ್ಳಿ: ಎಸ್‌ಎಂಎಸ್ ಓದುವುದು, ಮಾಡ್‌ಬಸ್ (ಕಾರ್ಖಾನೆ ಯಂತ್ರಗಳು ಮಾತಾಡಿಕೊಳ್ಳುವ ನಿಯಮಾವಳಿ) ಪ್ಯಾಕೆಟ್ ಬಿಡಿಸುವುದು, ಫರ್ಮ್‌ವೇರ್ ಅಪ್‌ಡೇಟ್ ಸ್ವೀಕರಿಸುವುದು. ಮೋಟಾರಿನ ಟೈಮರ್ ನಡೆಸುವ, ಹತ್ತು ವರ್ಷಗಳಿಂದ ಯಾರೂ ಮುಟ್ಟದ ಭಾಗಕ್ಕೆ ಕೈ ಹಾಕುವ ಅಗತ್ಯವಿಲ್ಲ.

ಸಿ ಯಲ್ಲೇ ಉಳಿಯುವುದು ಸರಿಯಾಗುವ ಸಂದರ್ಭ ಇದೆಯೇ?

ಖಂಡಿತ ಇದೆ. 8051 ಅಥವಾ 8 ಬಿಟ್ ಪಿಕ್ ಚಿಪ್ ಬಳಸುತ್ತಿದ್ದರೆ ರಸ್ಟ್ ಕಂಪೈಲರೇ ಸಿಗುವುದಿಲ್ಲ. ಆರ್ಮ್ ಕಾರ್ಟೆಕ್ಸ್ ಎಂ ಅಥವಾ ರಿಸ್ಕ್ ಫೈವ್ ಚಿಪ್ಪಾದರೆ ಆ ಅಡ್ಡಿಯಿಲ್ಲ. ಗ್ರಾಹಕರು ನಿರ್ದಿಷ್ಟ ಪ್ರಮಾಣೀಕೃತ ಸಿ ಕಂಪೈಲರನ್ನೇ ಕೇಳಬಹುದು, ಚಿಪ್ ತಯಾರಕರು ಲೈಬ್ರರಿಯನ್ನು ಸಿ ಯಲ್ಲಿ ಮಾತ್ರ ಕೊಡಬಹುದು.

ಉಳಿಯುವುದಾದರೆ ಕೈಲಾದ ರಕ್ಷಣೆಯನ್ನೆಲ್ಲ ಹಾಕಿಕೊಂಡೇ ಉಳಿಯಿರಿ. ಕಂಪೈಲರಿನ ಎಚ್ಚರಿಕೆಗಳೆಲ್ಲವನ್ನೂ ದೋಷಗಳೆಂದೇ ಪರಿಗಣಿಸಿ. ಸಿ ಯನ್ನು ಸುರಕ್ಷಿತವಾಗಿ ಬರೆಯಲು 1998ರಿಂದ ಇರುವ ಮಿಸ್ರಾ ಸಿ ನಿಯಮಗಳನ್ನು ಪಾಲಿಸಿ. ಹಾರ್ಡ್‌ವೇರ್ ಮುಟ್ಟದ ಕೋಡನ್ನು ಬೇರ್ಪಡಿಸಿ ಪಿಸಿಯ ಮೇಲೆ ಅಡ್ರೆಸ್ ಸ್ಯಾನಿಟೈಸರ್ (ಓಡುವಾಗ ಮೆಮೊರಿ ತಪ್ಪುಗಳನ್ನು ಹಿಡಿಯುವ ಸಾಧನ) ಜೊತೆ ಓಡಿಸಿ, ಫಜಿಂಗ್ ಸಾಧನದಿಂದ ಅಡ್ಡಾದಿಡ್ಡಿ ದತ್ತಾಂಶ ಉಣಿಸಿ. ನನ್ನ 11 ಬೈಟಿನ ತಪ್ಪನ್ನು ಫಜಿಂಗ್ ಬೇಗನೆ ಹಿಡಿಯುತ್ತಿತ್ತೆಂದು ನಂಬಿದ್ದೇನೆ. ಆದರೆ ಸ್ಟ್ರಕ್ಚರಿನ ಒಳಗಿನ ಒಂದು ಭಾಗದಿಂದ ಇನ್ನೊಂದಕ್ಕೆ ಹರಿದ ಬೈಟುಗಳು ಅಡ್ರೆಸ್ ಸ್ಯಾನಿಟೈಸರಿನ ಕಣ್ಣಿಗೆ ಸಾಮಾನ್ಯವಾಗಿ ಬೀಳುವುದಿಲ್ಲ, ಆ ಭಾಗವನ್ನೂ ದಾಟುವಷ್ಟು ಉದ್ದದ ಸಾಲು ಬಂದರೆ ಮಾತ್ರ ಬೀಳುತ್ತವೆ ಎಂಬುದನ್ನು ನೆನಪಿಡಿ.

ಆಧುನಿಕ ಸಿ++ ಸಾಕಲ್ಲವೇ?

ಸಿ ಗಿಂತ ಬಹಳ ಮೇಲು. 2011ರ ಮಾನಕದೊಂದಿಗೆ ಬಂದ ಸ್ಮಾರ್ಟ್ ಪಾಯಿಂಟರುಗಳು ಎಷ್ಟೋ ಸೋರಿಕೆಗಳನ್ನು ತಡೆಯುತ್ತವೆ. ಆದರೆ ವೆಕ್ಟರ್ (ಬೇಕಾದಂತೆ ಬೆಳೆಯುವ ಅರೇ) ಒಂದರ ಒಳಗಿನ ವಿಳಾಸ ಹಿಡಿದಿರುವಾಗಲೇ ಆ ವೆಕ್ಟರ್ ಬೆಳೆದು ಬೇರೆಡೆಗೆ ಹೋದರೆ, ಕೈಯಲ್ಲಿ ಉಳಿಯುವುದು ಹಳೆಯ ಉತಾರವೇ. ಕಂಪೈಲರ್ ಅದನ್ನು ಖಾತರಿಯಾಗಿ ಹಿಡಿಯುವುದಿಲ್ಲ.

ಸುರಕ್ಷಿತ ಭಾಷೆ ಬಳಸಿದರೆ ಬೇರೆ ಚಿಂತೆ ಇಲ್ಲವೇ?

ಇದೆ, ಮತ್ತು ಇಲ್ಲಿ ಸುಳ್ಳು ಭರವಸೆ ಕೊಡಲು ನನಗೆ ಇಷ್ಟವಿಲ್ಲ. 2021ರ ಡಿಸೆಂಬರ್‌ನಲ್ಲಿ ಜಗತ್ತನ್ನು ಕಂಗೆಡಿಸಿದ ಲಾಗ್‌ಫೋರ್‌ಶೆಲ್ ದೋಷ ಇದ್ದದ್ದು ಜಾವಾದಲ್ಲಿ. 1996ರ ಜೂನ್ 4ರಂದು ಮೇಲೇರಿದ ಸುಮಾರು 40 ಸೆಕೆಂಡುಗಳಲ್ಲಿ ನಾಶವಾದ ಏರಿಯಾನ್ 5 ರಾಕೆಟ್ಟಿನ ತಂತ್ರಾಂಶ ಏಡಾದಲ್ಲಿತ್ತು. 64 ಬಿಟ್‌ನ ದಶಮಾಂಶ ಸಂಖ್ಯೆಯೊಂದು 16 ಬಿಟ್‌ನ ಪೂರ್ಣಾಂಕದಲ್ಲಿ ಹಿಡಿಯಲಿಲ್ಲ. ಭಾಷೆ ತಪ್ಪನ್ನು ಹಿಡಿಯಿತು, ಆದರೆ ಹಿಡಿದ ಮೇಲೆ ಏನು ಮಾಡಬೇಕೆಂದು ಆ ಜಾಗದಲ್ಲಿ ಯಾರೂ ಬರೆದಿರಲಿಲ್ಲ.

2024ರ ಜುಲೈ 19ರಂದು ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳನ್ನು ನಿಲ್ಲಿಸಿದ, ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿಯ ಅಪ್‌ಡೇಟಿನಲ್ಲಿ, 20 ಮೌಲ್ಯಗಳಿದ್ದ ಪಟ್ಟಿಯಿಂದ 21ನೆಯದನ್ನು ಓದುವ ಯತ್ನ ನಡೆದಿತ್ತು. ರಸ್ಟ್‌ನಲ್ಲಿ ಬರೆದಿದ್ದರೆ ಇದು ಆಗುತ್ತಲೇ ಇರಲಿಲ್ಲ ಎಂದು ಹೇಳುವವರಿದ್ದಾರೆ. ಕರ್ನಲ್ ಒಳಗೆ ಮೇರೆ ಪರೀಕ್ಷೆ ವಿಫಲವಾಗಿ ಪ್ರೋಗ್ರಾಮು ನಿಂತರೂ ಯಂತ್ರ ನಿಲ್ಲುತ್ತದೆ; ‘ಇಲ್ಲ’ ಎಂಬ ಉತ್ತರವನ್ನು ಸ್ವೀಕರಿಸಿ ಮುಂದುವರಿಯುವಂತೆ ಬರೆದಿದ್ದರೆ ಮಾತ್ರ ಉಳಿಯುತ್ತಿತ್ತು. ಆದ್ದರಿಂದ ನಿಯಂತ್ರಕ ನಿಂತಾಗ ರಿಲೇ ಯಾವ ಸ್ಥಿತಿಯಲ್ಲಿರಬೇಕು, ವಾಲ್ವ್ ತೆರೆದಿರಬೇಕೋ ಮುಚ್ಚಿರಬೇಕೋ ಎಂಬುದನ್ನು ಭಾಷೆ ಆರಿಸುವ ಮೊದಲೇ ತೀರ್ಮಾನಿಸಬೇಕು.

ವಿದ್ಯಾರ್ಥಿಗಳು ಸಿ ಕಲಿಯುವುದನ್ನು ಬಿಡಬಹುದೇ?

ಬಿಡಬೇಡಿ. ಚಿಪ್ಪುಗಳ ಕೈಪಿಡಿ, ಲಿನಕ್ಸ್‌ನ ಬಹುಭಾಗ, ನೀವು ಸೇರುವ ಕಂಪನಿಯ ಹಳೆಯ ಕೋಡು ಎಲ್ಲವೂ ಸಿ ಯಲ್ಲಿವೆ. ಪಾಯಿಂಟರ್ ಎಂದರೇನೆಂದು ಸಿ ಯಲ್ಲಿ ಕೈಸುಟ್ಟುಕೊಂಡು ಕಲಿತವರಿಗೆ ರಸ್ಟ್‌ನ ನಿಯಮಗಳು ಏಕಿವೆಯೆಂದು ಬೇಗ ಅರ್ಥವಾಗುತ್ತದೆ.

ಮೂರು ಜನರ ಸಣ್ಣ ಕಂಪನಿ ಹೇಗೆ ಆರಂಭಿಸಬೇಕು?

ಮೊದಲ ಒಂದೆರಡು ತಿಂಗಳು ಕೆಲಸ ನಿಧಾನವಾಗುತ್ತದೆ ಎಂದು ಒಪ್ಪಿಕೊಂಡು ಆರಂಭಿಸಿ. ಕಂಪೈಲರ್ ಪದೇ ಪದೇ ತಿರಸ್ಕರಿಸುವಾಗ ಬೇಸರ ಬರುತ್ತದೆ. ಅದರ ದೋಷ ಸಂದೇಶಗಳನ್ನು ಪೂರ್ತಿ ಓದುವ ಅಭ್ಯಾಸ ಮಾಡಿಕೊಂಡವರು ಬೇಗ ದಾಟುತ್ತಾರೆ. ಗಡುವು ಹತ್ತಿರವಿರುವ ಆರ್ಡರಿನ ಮೇಲೆ ಈ ಪ್ರಯೋಗ ಮಾಡಬೇಡಿ.

ನಾವು ಆರಂಭಿಸಿದ್ದು ಒಂದೇ ಒಂದು ಫಂಕ್ಷನ್ನಿನಿಂದ. ಎಸ್‌ಎಂಎಸ್‌ನ ಬೈಟುಗಳನ್ನು ತೆಗೆದುಕೊಂಡು ಅದು ಒಂದೋ ಸರಿಯಾದ ನಂಬರು ಕೊಡಬೇಕು, ಇಲ್ಲವೇ ಏನು ತಪ್ಪಾಗಿದೆಯೆಂದು ಹೇಳಬೇಕು, ಮೂರನೆಯ ದಾರಿಯಿಲ್ಲ. ಉಳಿದ ಸಿ ಕೋಡು ಹಾಗೆಯೇ ಇದ್ದು ಅದನ್ನು ಕರೆಯುತ್ತದೆ. ಅದರ ಪರೀಕ್ಷೆಗಳ ಫೈಲಿನಲ್ಲಿ ಬರೇ ಹತ್ತು ಅಂಕಿ, ಮುಂದೆ ಸೊನ್ನೆ ಇರುವ ಹನ್ನೊಂದು ಅಂಕಿ, ನಡುವೆ ಖಾಲಿ ಜಾಗ ಇರುವ ನಂಬರು, ಕನ್ನಡ ಅಂಕಿಗಳಲ್ಲಿ ಬಂದ ನಂಬರು, ಖಾಲಿ ಸಂದೇಶ, 160 ಅಕ್ಷರದ ಪೂರ್ತಿ ಸಂದೇಶ ಇವೆಲ್ಲ ಇವೆ. ಎಲ್ಲಕ್ಕಿಂತ ಮೇಲಿನ ಪರೀಕ್ಷೆ +91 ಹಚ್ಚಿದ, ಒಂಬತ್ತನೆಯ ಅಂಕಿ 7 ಇರುವ ನಂಬರಿನದು.